ಬೆಸೆದದ್ದನ್ನು ಮುರಿದು ನೋಡುವ ಅಭ್ಯಾಸ

ಕುಲುಮೆಯಲ್ಲಿ ಕಲಿಯುವ ಹೆಚ್ಚಿನ ಕೆಲಸಗಳು ತಮ್ಮ ಗುಣದೋಷಗಳನ್ನು ಹೊರಗೇ ತೋರಿಸಿಬಿಡುತ್ತವೆ. ಸರಳಿನ ತುದಿ ಚೂಪಾಗಿದೆಯೋ ಒಂದು ಕಡೆಗೆ ವಾಲಿದೆಯೋ ಎಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಬಾಗಿಸಿದ ಕೊಕ್ಕೆಯ ಸುತ್ತು, ಹೊಡೆದ ತೂತಿನ ಅಂಚು, ತಟ್ಟಿದ ಪಟ್ಟಿಯ ಮೇಲೆ ಉಳಿದ ಸುತ್ತಿಗೆಯ ಗುರುತು, ಇವೆಲ್ಲವೂ ಕೆಲಸಗಾರನ ಕೈ ಎಷ್ಟು ಪಳಗಿದೆ ಎಂಬುದನ್ನು ಯಾರೂ ಕೇಳದೆಯೇ ಹೇಳುತ್ತವೆ. ಬೆಸುಗೆ ಹಾಗಲ್ಲ. ಎರಡು ಕಬ್ಬಿಣದ ತುಂಡುಗಳನ್ನು ಕರಗಿಸದೆ, ಕಾವು ಮತ್ತು ಒತ್ತಡ ಎರಡರಿಂದಲೇ ಒಂದು ಮಾಡುವ ಈ ಕೆಲಸದ ಫಲ ಇರುವುದು ಒಳಗೆ, ನಾವು ನೋಡಲಾಗದ ಜಾಗದಲ್ಲಿ. ಅಂಚಿನ ಗೆರೆ ಮುಚ್ಚಿಹೋಗಿ, ಅರ ಉಜ್ಜಿದ ಮೇಲೆ ಒಂದೇ ಮೈಯಾಗಿ ಹೊಳೆಯುವ ಸರಳು ನಡುವೆ ಎರಡಾಗಿಯೇ ಉಳಿದಿರಬಹುದು. ಹೊರನೋಟವನ್ನು ನಂಬಿದವನಿಗೆ ತನ್ನ ಕೆಲಸ ಚೆನ್ನಾಗಿದೆಯೆಂಬ ಭ್ರಮೆ ಬಹಳ ಕಾಲ ಉಳಿಯುತ್ತದೆ. ಆದ್ದರಿಂದ ಕುಲುಮೆ ಬೆಸುಗೆಯನ್ನು ಕಲಿಯತೊಡಗಿದವರು ಬೆಸೆಯುವುದಕ್ಕೆ ಕೊಡುವಷ್ಟೇ ಗಮನವನ್ನು ಬೆಸೆದದ್ದನ್ನು ಮುರಿಯುವುದಕ್ಕೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಅಭ್ಯಾಸದ ದಿನ ಮಾಡಿದ ಯಾವ ಬೆಸುಗೆಯನ್ನೂ ನಾನು ಮುರಿಯದೆ ಎತ್ತಿಡುವುದಿಲ್ಲ.

ಮುರಿದ ತುಂಡಿನಲ್ಲಿ ಕಾಣುವುದನ್ನು ಓದಬೇಕಾದರೆ ಒಳಗೆ ಏನು ನಡೆಯಬೇಕಿತ್ತು ಎಂಬುದು ಮೊದಲು ತಿಳಿದಿರಬೇಕು. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಂಗಾಲ ಕಡಿಮೆಯಿರುವ ಮೈಲ್ಡ್ ಸ್ಟೀಲನ್ನು ಕುಲುಮೆಯಲ್ಲಿ ಬೆಸೆಯುವುದು ಸರಿಸುಮಾರು 1200ರಿಂದ 1300 ಡಿಗ್ರಿಯೊಳಗೆ. ಅಂದರೆ ಲೋಹ ಘನವಾಗಿಯೇ ಇರುತ್ತದೆ; ಎಲ್ಲಿಯೂ ದ್ರವವಾಗಿ ಹರಿದು ಬೆರೆಯುವುದಿಲ್ಲ. ಒಂದು ಮೈಯ ಕಬ್ಬಿಣದ ಪರಮಾಣುಗಳು ಇನ್ನೊಂದು ಮೈಯ ಪರಮಾಣುಗಳಿಗೆ ನಡುವೆ ಯಾವ ತಡೆಯೂ ಇಲ್ಲದೆ ತಾಗಿದರೆ, ಅವು ಒಂದೇ ತುಂಡಿನೊಳಗಿನ ನೆರೆಹೊರೆಯ ಪರಮಾಣುಗಳಂತೆಯೇ ಬಂಧ ಹೊಂದುತ್ತವೆ. ಗಾಳಿಯೇ ಇಲ್ಲದ ನಿರ್ವಾತದಲ್ಲಿ, ಪೂರ್ತಿ ಶುಚಿಯಾದ ಲೋಹದ ಮೈಗಳು ಕಾವಿಲ್ಲದೆಯೂ ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಬಾಹ್ಯಾಕಾಶ ಉಪಕರಣಗಳನ್ನು ರೂಪಿಸುವವರು ಈ ತೊಂದರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗುತ್ತದೆ. ಕುಲುಮೆಯಲ್ಲಿ ಕಾವು ಮಾಡುವ ಕೆಲಸ ಲೋಹವನ್ನು ಮೆತ್ತಗಾಗಿಸಿ ಏರುತಗ್ಗುಗಳು ಒಂದರೊಳಗೊಂದು ಕೂರುವಂತೆ ಮಾಡುವುದು, ಪರಮಾಣುಗಳ ಚಲನೆಯನ್ನು ಹೆಚ್ಚಿಸಿ ಗಡಿಯ ಗೆರೆಯನ್ನು ಅಳಿಸುವುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ನಡುವೆ ನಿಂತ ಕಿಟ್ಟವನ್ನು ದ್ರವವಾಗಿಸಿ ಹೊರಹೋಗಲು ದಾರಿ ಮಾಡುವುದು.

ಆ ಕಿಟ್ಟವೇ ಇಡೀ ಕೆಲಸದ ತೊಡಕು. ಕೆಂಪಗೆ ಕಾದ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ಷಣಮಾತ್ರದಲ್ಲಿ ತನ್ನ ಮೈಮೇಲೆ ಆಕ್ಸೈಡಿನ ಪದರವನ್ನು ಬೆಳೆಸಿಕೊಳ್ಳುತ್ತದೆ. ಅದರಲ್ಲಿ ಬೇಗ ಕರಗುವ ಬಗೆಯ ಆಕ್ಸೈಡಿಗೂ ಸುಮಾರು 1370 ಡಿಗ್ರಿಯ ಕಾವು ಬೇಕು. ಉಳಿದ ಬಗೆಗಳಿಗೆ ಕಬ್ಬಿಣಕ್ಕಿಂತಲೂ ಹೆಚ್ಚಿನ ಕಾವು ಬೇಕು. ಆದರೆ ಈ ಆಕ್ಸೈಡ್ ಮರಳಿನ ಸಿಲಿಕಾದೊಡನೆ ಸೇರಿದರೆ ಉಂಟಾಗುವ ಸಿಲಿಕೇಟ್ ಸುಮಾರು 1200 ಡಿಗ್ರಿಗೇ ಕರಗುತ್ತದೆ. ಹಿಂದಿನ ಕಮ್ಮಾರರು ಕಾದ ಸರಳಿನ ಮೇಲೆ ಶುಚಿಯಾದ ಮರಳನ್ನು ಎರಚುತ್ತಿದ್ದುದರ ಹಿಂದಿನ ರಸಾಯನ ಇದೇ. ಇಂದು ಹೆಚ್ಚಾಗಿ ಬಳಸುವುದು ಬಿಳಿಗಾರವನ್ನು, ಅಂದರೆ ಬೊರಾಕ್ಸನ್ನು. ಅದು ಮೊದಲು ತನ್ನೊಳಗಿನ ನೀರನ್ನು ಕಳೆದುಕೊಂಡು ಬುರುಬುರು ಉಬ್ಬುತ್ತದೆ, ನಂತರ 743 ಡಿಗ್ರಿಯಲ್ಲಿ ಕರಗಿ ಗಾಜಿನಂತಹ ಪದರವಾಗಿ ಹರಡಿ, ಇರುವ ಆಕ್ಸೈಡನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ ಮತ್ತು ಹೊಸ ಆಕ್ಸೈಡ್ ಬೆಳೆಯದಂತೆ ಗಾಳಿಯನ್ನು ತಡೆಯುತ್ತದೆ. ಆರಂಭದಲ್ಲಿ ಅನೇಕರು ಬಿಳಿಗಾರವನ್ನು ಅಂಟು ಎಂದು ಭಾವಿಸಿ ಧಾರಾಳವಾಗಿ ಸುರಿಯುತ್ತಾರೆ. ಅದು ಅಂಟಲ್ಲ, ಸುತ್ತಿಗೆಯ ಮೊದಲ ಹೊಡೆತಕ್ಕೆ ಪೂರ್ತಿಯಾಗಿ ಹೊರಗೆ ಸಿಡಿದುಹೋಗಬೇಕಾದ ಪದಾರ್ಥ. ಒಳಗೆ ಉಳಿದ ಒಂದೊಂದು ಹನಿಯೂ ಬೆಸುಗೆಯಾಗದೆ ಉಳಿದ ಒಂದೊಂದು ಚುಕ್ಕೆಯೇ.

ಹಿಂದಿನವರಿಗೆ ಈ ಕೆಲಸ ನಮಗಿಂತ ಸುಲಭವಾಗಿತ್ತು ಎಂಬುದಕ್ಕೆ ಅವರ ನೈಪುಣ್ಯದಷ್ಟೇ ಅವರ ಲೋಹವೂ ಕಾರಣ. ಅವರು ಬಳಸುತ್ತಿದ್ದ ಮೆದು ಕಬ್ಬಿಣದೊಳಗೆ (ರಾಟ್ ಐರನ್) ಸಿಲಿಕೇಟ್ ಕಿಟ್ಟದ ಸಣ್ಣ ಎಳೆಗಳು ಉದ್ದಕ್ಕೂ ಹಾಯ್ದಿರುತ್ತವೆ; ಬೆಸೆಯುವ ಕಾವಿನಲ್ಲಿ ಅವೇ ಕರಗಿ ಮೇಲೆ ಬಂದು ಫ್ಲಕ್ಸಿನ, ಅಂದರೆ ಮರಳು ಬಿಳಿಗಾರಗಳಂತೆ ಆಕ್ಸೈಡನ್ನು ಕರಗಿಸುವ ಪದಾರ್ಥದ, ಕೆಲಸ ಮಾಡುತ್ತವೆ. ದೆಹಲಿಯ ಮೆಹ್ರೌಲಿಯಲ್ಲಿರುವ ಗುಪ್ತರ ಕಾಲದ ಕಬ್ಬಿಣದ ಕಂಬವು ಏಳು ಮೀಟರಿಗಿಂತ ಎತ್ತರ, ಆರು ಟನ್ನಿಗಿಂತ ಭಾರ. ಅಷ್ಟು ದೊಡ್ಡದನ್ನು ಕಬ್ಬಿಣದ ಉಂಡೆಗಳನ್ನು ಒಂದಕ್ಕೊಂದು ಬೆಸೆದು ಬೆಳೆಸಿದರು ಎಂಬುದು ಅದನ್ನು ಅಧ್ಯಯನ ಮಾಡಿದ ಲೋಹಶಾಸ್ತ್ರಜ್ಞರ ನಿಲುವು. ದೊಡ್ಡ ಹಡಗುಗಳ ಲಂಗರುಗಳನ್ನೂ ಸರಳುಗಳ ಕಟ್ಟುಗಳನ್ನು ಹೀಗೆಯೇ ಬೆಸೆದು ಮಾಡುತ್ತಿದ್ದರು. 1856ರಲ್ಲಿ ಹೆನ್ರಿ ಬೆಸೆಮರ್ ಉಕ್ಕು ತಯಾರಿಸುವ ತನ್ನ ವಿಧಾನವನ್ನು ಪ್ರಕಟಿಸಿದ ನಂತರದ ದಶಕಗಳಲ್ಲಿ, ಕರಗಿಸಿ ಎರಕ ಹೊಯ್ದ ಅಗ್ಗದ ಉಕ್ಕು ಮೆದು ಕಬ್ಬಿಣದ ಜಾಗವನ್ನು ಮೆಲ್ಲಮೆಲ್ಲನೆ ಆಕ್ರಮಿಸಿತು. ಆ ಉಕ್ಕಿನಲ್ಲಿ ಕಿಟ್ಟದ ಎಳೆಗಳಿಲ್ಲ. ನಾವು ಇಂದು ಅಭ್ಯಾಸಕ್ಕೆ ಬಳಸುವ ಮೈಲ್ಡ್ ಸ್ಟೀಲ್ ಅದರ ಸಂತತಿಯೇ. ಆದುದರಿಂದ ಹಳೆಯ ಕೈಪಿಡಿಗಳು ಬೆಸುಗೆಯನ್ನು ದಿನನಿತ್ಯದ ಸಾಮಾನ್ಯ ಕೆಲಸವೆಂಬಂತೆ ಒಂದೆರಡು ವಾಕ್ಯಗಳಲ್ಲಿ ಮುಗಿಸಿದ್ದರೆ ಎದೆಗುಂದಬೇಕಾಗಿಲ್ಲ. ಅವರ ಕೈಯಲ್ಲಿದ್ದ ಲೋಹವೇ ಬೇರೆ.

ಈಗ ಬೆಂಕಿಯ ವಿಷಯಕ್ಕೆ ಬರುತ್ತೇನೆ. ಬೆಸುಗೆ ಕೂಡಿಬರದಿದ್ದಾಗ ನಮ್ಮ ಕಣ್ಣು ಸಹಜವಾಗಿ ಸುತ್ತಿಗೆಯ ಕಡೆಗೆ ಹೋಗುತ್ತದೆ: ಇನ್ನೂ ಜೋರಾಗಿ ಹೊಡೆಯಬೇಕಿತ್ತೇ, ಇನ್ನೂ ಬೇಗ ಹೊಡೆಯಬೇಕಿತ್ತೇ ಎಂದು. ನನಗೆ ಕಂಡಂತೆ ಹೆಚ್ಚಿನ ಸಲ ತಪ್ಪು ಇರುವುದು ಬೆಂಕಿಯಲ್ಲಿ. ಕಲ್ಲಿದ್ದಲಿನ ಕುಲುಮೆಯಲ್ಲಿ ಗಾಳಿ ಒಳನುಗ್ಗುವ ಬಾಯಿಯ ಹತ್ತಿರ ಆಮ್ಲಜನಕ ಹೇರಳವಾಗಿರುತ್ತದೆ. ಆ ಜಾಗದಲ್ಲಿಟ್ಟ ಸರಳು ಬೇಗ ಕಾಯುತ್ತದೆ, ಅಷ್ಟೇ ಬೇಗ ಕಿಟ್ಟ ಕಟ್ಟುತ್ತದೆ. ಗಾಳಿ ದಪ್ಪನಾದ ಕೆಂಡದ ಪದರವನ್ನು ಹಾದು ಮೇಲೆ ಬರುವಷ್ಟರಲ್ಲಿ ಅದರ ಆಮ್ಲಜನಕ ಇಂಗಾಲದೊಡನೆ ಕೂಡಿ ಖರ್ಚಾಗಿರುತ್ತದೆ; ಕಬ್ಬಿಣ ಶುಚಿಯಾಗಿ ಕಾಯುವುದು ಅಲ್ಲಿ. ಹೀಗಾಗಿ ಬೆಸುಗೆಯ ಬೆಂಕಿ ಆಳವಾಗಿರಬೇಕು, ಸರಳಿನ ಕೆಳಗೂ ಮೇಲೂ ಕೆಂಡ ತುಂಬಿರಬೇಕು. ಹಸಿ ಕಲ್ಲಿದ್ದಲನ್ನು ಸುತ್ತ ಒಟ್ಟಿ, ಅದರ ಹೊಗೆಯೂ ಗಂಧಕವೂ ಸುಟ್ಟುಹೋಗಿ ಕೋಕ್ ಆದ ಮೇಲೆಯೇ ನಡುವಿಗೆ ಸರಿಸಬೇಕು. ಗಂಧಕ ಹೊಕ್ಕ ಕಬ್ಬಿಣ ಕಾದಾಗ ಬಿರುಕುಬಿಡುತ್ತದೆ. ಬೂದಿ ಕರಗಿ ತಳದಲ್ಲಿ ಗಟ್ಟಿಯಾಗುವ ಕ್ಲಿಂಕರನ್ನು ಬೆಸುಗೆಗೆ ಮೊದಲು ತೆಗೆದುಹಾಕದಿದ್ದರೆ ಅದು ಗಾಳಿಯ ದಾರಿಯನ್ನು ಮುಚ್ಚುತ್ತದೆ, ಸಾಲದೆಂಬಂತೆ ಸರಳಿನ ಮೈಗೂ ಮೆತ್ತಿಕೊಳ್ಳುತ್ತದೆ. ಇದ್ದಿಲಿನಲ್ಲಿ ಗಂಧಕದ ಕಾಟವಿಲ್ಲ, ಆದರೆ ಅದು ಬೇಗ ಉರಿದುಹೋಗುವುದರಿಂದ ರಾಶಿ ದೊಡ್ಡದಿರಬೇಕು. ಗ್ಯಾಸಿನ ಕುಲುಮೆಯಾದರೆ ಗಾಳಿಯನ್ನು ಸ್ವಲ್ಪ ಕಡಿಮೆ ಮಾಡಿ, ಬಾಯಿಯ ಹೊರಗೆ ಮೆತ್ತನೆಯ ಜ್ವಾಲೆ ಸೂಸುವಂತೆ ಹೊಂದಿಸಿಕೊಳ್ಳಬೇಕು. ಹಾಗೆ ಮಾಡಿದಾಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚುವುದರಿಂದ ಗಾಳಿಯಾಡದ ಕೋಣೆಯಲ್ಲಿ ಈ ಕೆಲಸ ಮಾಡುವುದು ಪ್ರಾಣಕ್ಕೆ ಅಪಾಯ.

ಬೆಂಕಿ ಸರಿಯಿದೆಯೇ ಎಂದು ತಿಳಿಯಲು ನಾನು ಮೆಚ್ಚಿರುವ ಒಂದು ಪರೀಕ್ಷೆ ಫ್ಲಕ್ಸನ್ನೇ ಬಿಟ್ಟುಬಿಡುವುದು. ಶುಚಿಯಾದ ಆಳದ ಬೆಂಕಿಯಲ್ಲಿ ಮೈಲ್ಡ್ ಸ್ಟೀಲ್ ಬಿಳಿಗಾರವಿಲ್ಲದೆಯೂ ಬೆಸೆದುಕೊಳ್ಳುತ್ತದೆ. ಬಿಳಿಗಾರ ಇದ್ದಾಗ ಮಾತ್ರ ಕೂಡಿ, ಇಲ್ಲದಾಗ ಪ್ರತಿಸಲವೂ ಬಿಟ್ಟುಕೊಳ್ಳುತ್ತಿದ್ದರೆ ಬೆಂಕಿಯ ಕೊರತೆಯನ್ನು ಬಿಳಿಗಾರ ಮುಚ್ಚಿಹಾಕುತ್ತಿದೆ ಎಂದೇ ನಾನು ಅರ್ಥಮಾಡಿಕೊಳ್ಳುತ್ತೇನೆ. ಫ್ಲಕ್ಸ್ ಬಳಸಬಾರದೆಂಬ ಹಟ ನನಗಿಲ್ಲ. ಅಭ್ಯಾಸದಲ್ಲಿ ಆಗಾಗ ಅದನ್ನು ಬದಿಗಿಟ್ಟರೆ ಬೆಂಕಿಯ ಬಗ್ಗೆ ಸುಳ್ಳು ನೆಮ್ಮದಿ ಉಳಿಯುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕಾವನ್ನು ಅಳೆಯುವುದು ಕಣ್ಣಿನಿಂದ. ಮಂಕು ಕೆಂಪು, ಹೊಳಪಿನ ಕೆಂಪು, ಕಿತ್ತಳೆ, ಹಳದಿ, ಬಿಳಿಗೆ ತಿರುಗುವ ಹಳದಿ ಎಂಬ ಸಾಲು ಎಲ್ಲರಿಗೂ ತಿಳಿದದ್ದೇ. ಆದರೆ ಬಿಸಿಲಿನಲ್ಲಿ ಮಂಕಾಗಿ ಕಾಣುವ ಕಾವು ಕತ್ತಲ ಮೂಲೆಯಲ್ಲಿ ಕಣ್ಣು ಕುಕ್ಕುತ್ತದೆ. ಹಾಗಾಗಿ ಬೆಳಕು ಬದಲಾಗದ, ತುಸು ನೆರಳಿರುವ ಒಂದೇ ಜಾಗದಲ್ಲಿ ಅಭ್ಯಾಸ ಮಾಡದಿದ್ದರೆ ಬಣ್ಣದ ಪಾಠ ಕೈಗೆ ಹತ್ತುವುದಿಲ್ಲ. ಬಣ್ಣಕ್ಕಿಂತಲೂ ನಂಬಬಹುದಾದ ಗುರುತು ಮೈಯ ಲಕ್ಷಣ. ಬೆಸೆಯುವ ಕಾವು ಬಂದಾಗ ಸರಳಿನ ಒರಟುತನ ಮಾಯವಾಗಿ, ಮಳೆಯಲ್ಲಿ ನೆನೆದ ಕಲ್ಲಿನಂತೆ ಮೈ ಒದ್ದೆಯಾಗಿ ಹೊಳೆಯುತ್ತದೆ. ಬಿಳಿಗಾರ ಹಾಕಿದ್ದರೆ ಅದು ನೀರಾಗಿ ಹರಿಯುತ್ತಾ ಅಲ್ಲಲ್ಲಿ ಗುಳ್ಳೆಯೇಳುತ್ತದೆ. ಬೆಂಕಿಯೊಳಗೇ ಎರಡು ತುಂಡುಗಳನ್ನು ಮೆಲ್ಲನೆ ತಾಗಿಸಿ ನೋಡಿದರೆ ಬಿಡಿಸುವಾಗ ಕೈಗೆ ಸಣ್ಣದೊಂದು ಜಿಗುಟು ತಿಳಿಯುತ್ತದೆ. ಆ ಜಿಗುಟು ಸಿಕ್ಕಿತೆಂದರೆ ಕಾವು ಬಂದಿದೆ ಎಂದೇ ಅರ್ಥ.

ಕಿಡಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಕ್ಷತ್ರದಂತೆ ಸಿಡಿಯುವ ಕಿಡಿಗಳ ಮಳೆಯನ್ನೇ ಬೆಸುಗೆಯ ಕಾವಿನ ಗುರುತೆಂದು ತೋರಿಸುವ ಚಿತ್ರಗಳು ಬಹಳ. ಕಿಡಿ ಎಂದರೆ ಉಕ್ಕು ಉರಿಯುತ್ತಿದೆ ಎಂದು. ಮೈಲ್ಡ್ ಸ್ಟೀಲಿನಲ್ಲಿ ಒಂದೆರಡು ಕಿಡಿ ಹಾರುವ ಹೊತ್ತಿಗೆ ಸರಳು ಹೊರಗೆ ಬಂದಿರಬೇಕು. ಅದಕ್ಕೂ ತುಸು ಮುಂಚೆ ಬಂದಿದ್ದರೆ ಇನ್ನೂ ಒಳ್ಳೆಯದು. ಕಣಗಳ ಗಡಿಗಳಲ್ಲಿ ಆಮ್ಲಜನಕ ಹೊಕ್ಕು ಸುಟ್ಟುಹೋದ ಉಕ್ಕನ್ನು ಮತ್ತೆ ಸರಿಪಡಿಸುವ ಉಪಾಯವಿಲ್ಲ. ಆ ಭಾಗವನ್ನು ಕತ್ತರಿಸಿ ಎಸೆಯುವುದೊಂದೇ ದಾರಿ.

ಇನ್ನೊಂದು ತೊಡಕು ಮೈಯ ಕಾವಿಗೂ ಒಡಲಿನ ಕಾವಿಗೂ ಇರುವ ಅಂತರ. ಗಾಳಿಯನ್ನು ಜೋರಾಗಿ ಊದಿ ಅವಸರದಲ್ಲಿ ಕಾಯಿಸಿದ ಸರಳು ಹೊರಗೆ ಹಳದಿಯಾಗಿ ಹೊಳೆದರೂ ಅದರ ತಿರುಳು ಕಿತ್ತಳೆಯಲ್ಲೇ ಇರುತ್ತದೆ. ಅಡಿಗಲ್ಲಿಗೆ, ಅಂದರೆ ಸರಳನ್ನಿಟ್ಟು ಬಡಿಯುವ ಕಬ್ಬಿಣದ ದಿಮ್ಮಿಗೆ, ತರುವಷ್ಟರಲ್ಲಿ ಆ ತಣ್ಣನೆಯ ತಿರುಳು ಮೈಯ ಕಾವನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಕಾವು ಹತ್ತಿರ ಬಂದಾಗ ಗಾಳಿಯನ್ನು ತಗ್ಗಿಸಿ, ಸರಳನ್ನು ತಿರುಗಿಸುತ್ತಾ, ಒಳಗೂ ಹೊರಗೂ ಸಮನಾಗುವವರೆಗೆ ಕಾಯುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟದ ಭಾಗ. ಸುತ್ತಿಗೆ ಹಿಡಿದ ಕೈಗೆ ಸುಮ್ಮನಿರುವುದು ಅಭ್ಯಾಸವಿಲ್ಲ.

ಹೊರಗೆ ತೆಗೆದ ಮೇಲೆ ಸಿಗುವ ಸಮಯ ಎಷ್ಟು ಕಡಿಮೆ ಎಂಬುದಕ್ಕೆ ಭೌತಶಾಸ್ತ್ರದ ಕಾರಣವಿದೆ. ಕಾದ ವಸ್ತು ಸೂಸುವ ಶಾಖವು ಅದರ ನಿರಪೇಕ್ಷ ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಆ ಲೆಕ್ಕದಲ್ಲಿ 1300 ಡಿಗ್ರಿಯ ಸರಳು 1000 ಡಿಗ್ರಿಯ ಸರಳಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಕಳೆದುಕೊಳ್ಳುತ್ತದೆ. ಸಾಮಾನ್ಯ ಕುಲುಮೆ ಕೆಲಸದಲ್ಲಿ ನಮಗೆ ರೂಢಿಯಾದ ಬಿಡುವು ಇಲ್ಲಿ ಇರುವುದಿಲ್ಲ. ಸಣ್ಣ ಸರಳಾದರೆ ಎರಡು ಮೂರು ಸೆಕೆಂಡಿನೊಳಗೆ ಮೊದಲ ಹೊಡೆತಗಳು ಬಿದ್ದಿರಬೇಕು. ತಣ್ಣಗಿನ ಅಡಿಗಲ್ಲು ಇನ್ನೂ ಬೇಗ ಕಾವನ್ನು ಹೀರುವುದರಿಂದ ಅದರ ಮೇಲೆ ಕಾದ ಕಬ್ಬಿಣದ ಗಟ್ಟಿಯೊಂದನ್ನು ಮೊದಲೇ ಇಟ್ಟು ಬೆಚ್ಚಗೆ ಮಾಡಿಕೊಳ್ಳುವುದು ಒಳ್ಳೆಯದು. ಹೊಡೆತಗಳು ಜೋರಾಗಿರಬೇಕಿಲ್ಲ. ಆ ಕಾವಿನಲ್ಲಿ ಲೋಹ ಬಹಳ ಮೆತ್ತಗಿರುತ್ತದೆ. ಬಲವಾಗಿ ಹೊಡೆದರೆ ಒಂದು ತುಂಡು ಇನ್ನೊಂದರ ಮೇಲೆ ಜಾರಿಹೋಗುತ್ತದೆ, ಇಲ್ಲವೇ ಬೆಸೆದುಕೊಳ್ಳುವ ಮೊದಲೇ ತೆಳ್ಳಗಾಗಿ ಬಿಡುತ್ತದೆ. ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ, ಹಗುರವಾದ, ಬೇಗಬೇಗನೆಯ ಹೊಡೆತಗಳಿಂದ ಕಿಟ್ಟವನ್ನು ಹೊರಗೆ ನೂಕಿ, ಮತ್ತೆ ಬೆಂಕಿಗಿಟ್ಟು, ಎರಡನೆಯ ಕಾವಿನಲ್ಲಿ ಗಟ್ಟಿ ಮಾಡಿ, ಆಮೇಲೆ ರೂಪ ಕೊಡಲು ತೊಡಗಬೇಕು.

ಆರಂಭಕ್ಕೆ ನಾನು ಆರಿಸಿಕೊಂಡದ್ದು ಮಡಿಸಿ ಬೆಸೆಯುವುದನ್ನು. ಒಂದೇ ಸರಳಿನ ತುದಿಯನ್ನು ಅರ್ಧ ಕಡಿದು, ಹಿಂದಕ್ಕೆ ಮಡಿಸಿ, ಅದರ ಮೇಲೆಯೇ ಕೂರಿಸಿ ಬೆಸೆಯುವುದು ಇದರ ಕ್ರಮ. ಎರಡೂ ಮೈಗಳು ಒಂದೇ ಇಕ್ಕಳದ ಹಿಡಿತದಲ್ಲಿರುತ್ತವೆ, ದಪ್ಪ ಒಂದೇ ಆಗಿರುವುದರಿಂದ ಕಾವೂ ಒಂದೇ ಬಗೆಯಾಗಿರುತ್ತದೆ. ಕಲಿಯುವವರ ಗಮನವೆಲ್ಲ ಬೆಂಕಿಯ ಮೇಲಿರಬಹುದು. ಮಡಿಸುವ ಮುನ್ನ ಒಳಮೈಗಳ ಕಿಟ್ಟವನ್ನು ತಂತಿ ಬ್ರಷ್‌ನಿಂದ ತೆಗೆದು, ಮಡಿಕೆಯನ್ನು ಪೂರ್ತಿ ಮುಚ್ಚದೆ ಬಿಳಿಗಾರ ಒಳಹರಿಯುವಷ್ಟು ಸಂದು ಉಳಿಸಬೇಕು. ಇದರಿಂದ ಯಾವ ಬಳಕೆಯ ವಸ್ತುವೂ ಹುಟ್ಟುವುದಿಲ್ಲ, ಹೀಗಾಗಿ ಮುರಿಯಲು ಮನಸ್ಸು ಹಿಂಜರಿಯುವುದೂ ಇಲ್ಲ. ಮೊದಲ ಪ್ರಯತ್ನದಲ್ಲೇ ಕೊಡಲಿಯನ್ನೋ ಪದರದುಕ್ಕಿನ ಚಾಕುವನ್ನೋ ಮಾಡಹೊರಟವರು ತಮ್ಮ ಬೆಸುಗೆಯನ್ನು ಮುರಿದು ನೋಡುವುದು ಅಪರೂಪ. ಅಷ್ಟೊಂದು ಶ್ರಮ ಹಾಕಿದ ವಸ್ತುವನ್ನು ಯಾರು ತಾನೇ ಒಡೆದಾರು?

ಮುರಿಯುವ ಮೊದಲು ಕಾವಿನಲ್ಲೇ ಒಂದು ನೋಟ ಸಿಗುತ್ತದೆ. ಬೆಸೆದ ಭಾಗವನ್ನು ಸಮನಾಗಿ ಕೆಂಪಗೆ ಕಾಯಿಸಿ ಹೊರತೆಗೆದು ಆರಲು ಬಿಟ್ಟರೆ, ಒಡಲಿಗೆ ಕೂಡಿಕೊಳ್ಳದ ತುಟಿಯಂಚು ಒಡಲಿನಿಂದ ಶಾಖ ಸಿಗದೆ ಬೇಗ ಕಪ್ಪಾಗುತ್ತದೆ. ಕೂಡಿದ ಭಾಗ ಒಡಲಿನೊಡನೆಯೇ ನಿಧಾನವಾಗಿ ಮಂಕಾಗುತ್ತದೆ. ಆ ನೆರಳಿನ ಗೆರೆ ಎಲ್ಲಿಯವರೆಗಿದೆ ಎಂದು ಮನಸ್ಸಿನಲ್ಲೋ ಕಾಗದದ ಮೇಲೋ ಗುರುತು ಮಾಡಿಕೊಂಡು, ನಂತರ ಮುರಿದು ತಾಳೆ ನೋಡುವುದು ಕಣ್ಣಿಗೆ ಒಳ್ಳೆಯ ಶಿಕ್ಷಣ.

ಮುರಿಯುವುದು ತಣ್ಣಗಾದ ಮೇಲೆ. ತುಂಡನ್ನು ವೈಸಿನಲ್ಲಿ ಬಿಗಿದು, ಬೆಸುಗೆಯ ಗೆರೆಯ ತುದಿಗೆ ಉಳಿಯ ಬಾಯಿಯನ್ನಿಟ್ಟು ಹೊಡೆದರೆ, ಕೂಡದ ಬೆಸುಗೆ ತೆರೆದುಕೊಳ್ಳುತ್ತದೆ. ಕೂಡಿದ್ದರೆ ಉಳಿ ಗೆರೆಯ ದಾರಿ ಬಿಟ್ಟು ಗಟ್ಟಿ ಲೋಹದೊಳಕ್ಕೆ ಇಳಿಯುತ್ತದೆ. ಇನ್ನೊಂದು ರೀತಿಯೆಂದರೆ ಗರಗಸದಿಂದ ಅಡ್ಡಲಾಗಿ ಅರ್ಧ ಕೊಯ್ದು ಹಿಂದೆಮುಂದೆ ಬಾಗಿಸಿ ಮುರಿಯುವುದು. ತೆರೆದ ಮೈಯನ್ನು ಬೆಳಕಿಗೆ ಹಿಡಿದಾಗ ಬರಿಯ ಕೂಡಿದೆ ಅಥವಾ ಕೂಡಿಲ್ಲ ಎಂಬ ಎರಡೇ ಉತ್ತರ ಸಿಗುವುದಿಲ್ಲ. ಯಾವ ಹಂತದಲ್ಲಿ ಏನು ನಡೆಯಿತು ಎಂಬುದರ ದಾಖಲೆಯೇ ಸಿಗುತ್ತದೆ.

ಮೈ ನುಣುಪಾಗಿ, ಬೂದುಗಪ್ಪಾಗಿ, ಒಣಗಿದಂತೆ ಇದ್ದರೆ ಎರಡು ಮೈಗಳು ತಾಗಿದವೇ ಹೊರತು ಕೂಡಲಿಲ್ಲ: ಕಾವು ಸಾಲಲಿಲ್ಲ, ಅಥವಾ ಬೆಂಕಿಯಲ್ಲಿ ಗಾಳಿ ಹೆಚ್ಚಾಗಿ ಕಿಟ್ಟ ಬೆಳೆದಿತ್ತು. ಇವೆರಡನ್ನೂ ಬೇರ್ಪಡಿಸಲು ಕಿಟ್ಟದ ದಪ್ಪವನ್ನು ನೋಡಬೇಕು. ಉಗುರಿನಿಂದ ಕೆರೆದರೆ ಪದರವಾಗಿ ಏಳುವಷ್ಟಿದ್ದರೆ ದೂರು ಬೆಂಕಿಯ ಮೇಲೆ. ಕಪ್ಪು ಅಥವಾ ಹಸಿರುಗಪ್ಪು ಗಾಜು ಮೆತ್ತಿಕೊಂಡು ಮಿನುಗುತ್ತಿದ್ದರೆ ಬಿಳಿಗಾರ ಹೊರಹೋಗಲು ದಾರಿಯಿಲ್ಲದೆ ಒಳಗೇ ಸಿಕ್ಕಿಕೊಂಡಿದೆ. ಇದು ಹೆಚ್ಚಾಗಿ ನಡುಭಾಗದಲ್ಲಿ ಕಂಡು, ಸುತ್ತಲಿನ ಅಂಚು ಮಾತ್ರ ಗಟ್ಟಿಯಾಗಿ ಕೂಡಿರುತ್ತದೆ. ಹೊರಗಿನಿಂದ ನೋಡಿದರೆ ಅತಿ ಸೊಗಸಾಗಿ ಕಾಣುವ ಬೆಸುಗೆಯೂ ಇದೇ. ಕಾರಣ, ಮೈ ತಗ್ಗಾಗಿತ್ತು, ಇಲ್ಲವೇ ಹೊಡೆತ ಅಂಚಿನಿಂದ ಆರಂಭವಾಗಿ ಬಾಗಿಲು ಮೊದಲೇ ಮುಚ್ಚಿಹೋಯಿತು. ಇದಕ್ಕೆ ತಿರುಗುಮುರುಗಾಗಿ ನಡು ಕೂಡಿ ಅಂಚು ಬಾಯಿ ತೆರೆದಿದ್ದರೆ, ತೆಳುವಾದ ಅಂಚು ಅಡಿಗಲ್ಲಿಗೆ ತಾಗಿದ ಕೂಡಲೇ ಆರಿಹೋಗಿ ಹೊಡೆತ ಅಲ್ಲಿಗೆ ತಲಪುವಷ್ಟರಲ್ಲಿ ಹೊತ್ತು ಮೀರಿತ್ತು ಎಂದು ತಿಳಿಯಬೇಕು. ದಪ್ಪ ದಪ್ಪ ಹರಳುಗಳು ಹೊಳೆಯುತ್ತಾ, ಸುತ್ತಿಗೆಯ ಸಣ್ಣ ಏಟಿಗೇ ತುಂಡು ಪುಡಿಯಾಗಿ ಉದುರಿದರೆ ಕಾವು ಮೀರಿ ಉಕ್ಕು ಸುಟ್ಟಿದೆ. ಅಲ್ಲಿ ಬೆಸುಗೆ ಕೂಡಿದೆಯೋ ಇಲ್ಲವೋ ಎಂಬ ಪ್ರಶ್ನೆಗೇ ಅರ್ಥವಿಲ್ಲ. ಚೆನ್ನಾಗಿ ಕೂಡಿದ ಕಡೆ ಕಾಣುವುದು ಹರಿದ ಲೋಹ: ಒರಟಾದ, ಬೆಳ್ಳನೆಯ, ಯಾವ ಗೆರೆಯನ್ನೂ ಅನುಸರಿಸದ ಮುರಿತ.

ಇವು ಒಂದೇ ತುಂಡಿನಲ್ಲಿ ಅಕ್ಕಪಕ್ಕದಲ್ಲೇ ಕಾಣಸಿಗುವುದು ಸಾಮಾನ್ಯ. ಒಂದು ತುದಿ ಸುಟ್ಟಿರುತ್ತದೆ, ಇನ್ನೊಂದು ತುದಿಗೆ ಕಾವೇ ಸಿಕ್ಕಿರುವುದಿಲ್ಲ, ನಡುವೆ ಒಂದು ಬೆರಳಗಲ ಜಾಗ ಸರಿಯಾಗಿ ಕೂಡಿರುತ್ತದೆ. ಬೆಸುಗೆಯ ಕಾವಿನ ಜಾಗ ಬೆಂಕಿಯಲ್ಲಿ ಎಷ್ಟು ಕಿರಿದು ಎಂಬುದನ್ನು ಇಂತಹ ಒಂದು ತುಂಡು ಕಲಿಸುವಷ್ಟು ಸ್ಪಷ್ಟವಾಗಿ ಯಾವ ವಿವರಣೆಯೂ ಕಲಿಸಲಾರದು. ಮುರಿದ ತುಂಡುಗಳಿಗೆ ದಿನಾಂಕ ಬರೆದು, ಬೆಂಕಿ ಹೇಗಿತ್ತು, ಬಿಳಿಗಾರ ಹಾಕಿತ್ತೇ, ಎಷ್ಟು ಕಾವು ಕೊಟ್ಟಿತ್ತು ಎಂದು ಒಂದು ಸಾಲು ಬರೆದಿಡುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಅಡ್ಡಲಾಗಿ ಕೊಯ್ದು, ನುಣ್ಣಗೆ ಉಜ್ಜಿ, ವಿನೆಗರಿನಲ್ಲೋ ತೆಳುಗೊಳಿಸಿದ ಫೆರಿಕ್ ಕ್ಲೋರೈಡಿನಲ್ಲೋ ಅದ್ದಿದರೆ ಬೆಸುಗೆಯ ಗೆರೆ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಕಿಟ್ಟ ಸಿಕ್ಕಿಕೊಂಡ ಕಡೆ ಕಪ್ಪು ಚುಕ್ಕೆಗಳ ಸಾಲು ಏಳುತ್ತದೆ.

ಮಡಿಕೆಯ ಬೆಸುಗೆ ಭರವಸೆ ಕೊಟ್ಟ ಮೇಲೆ ಬರುವುದು ಎರಡು ಬಿಡಿ ಸರಳುಗಳನ್ನು ಕೂಡಿಸುವ ಕೆಲಸ. ಇಲ್ಲಿ ತುದಿಗಳ ಸಿದ್ಧತೆಗೆ ಬೆಸುಗೆಯಷ್ಟೇ ತೂಕವಿದೆ. ಕಿಟ್ಟಕ್ಕೂ ಸುತ್ತಿಗೆಗೂ ದಪ್ಪ ನಷ್ಟವಾಗುವುದರಿಂದ ತುದಿಗಳನ್ನು ಮೊದಲೇ ಹಿಂದಕ್ಕೆ ಕುಟ್ಟಿ ದಪ್ಪ ಮಾಡಬೇಕು. ನಂತರ ಓರೆಯಾಗಿ ಇಳಿಸಬೇಕು, ಆ ಓರೆಯ ಮೈ ನಡುವೆ ತುಸು ಉಬ್ಬಿರಬೇಕು. ಉಬ್ಬು ಮೈಗಳು ಮೊದಲು ನಡುವಿನಲ್ಲಿ ತಾಗುವುದರಿಂದ ಕರಗಿದ ಕಿಟ್ಟ ಹೊರಗೆ ಓಡಲು ಎಲ್ಲ ದಿಕ್ಕಿನಲ್ಲೂ ದಾರಿ ತೆರೆದಿರುತ್ತದೆ. ಅಡಿಗಲ್ಲಿನ ಅಂಚಿನ ಮೇಲೆ ಅವಸರದಲ್ಲಿ ಹೊಡೆದ ಓರೆ ಬಹುತೇಕ ತಗ್ಗಾಗಿಯೇ ಬರುತ್ತದೆ. ಮುರಿದ ತುಂಡಿನ ನಡುವೆ ಗಾಜು ಕಂಡವರಿಗೆ ಈ ಉಬ್ಬು ಏಕೆ ಬೇಕೆಂದು ಮತ್ತೆ ಹೇಳಬೇಕಾಗಿಲ್ಲ.

ಒಬ್ಬರೇ ಈ ಕೆಲಸ ಮಾಡುವಾಗ ಎರಡು ಕೈಯಲ್ಲೂ ಕಾದ ಸರಳುಗಳಿರುತ್ತವೆ, ಸುತ್ತಿಗೆಗೆ ಕೈ ಉಳಿದಿರುವುದಿಲ್ಲ. ಎರಡನ್ನೂ ಹೊರತೆಗೆದು, ಅಡಿಗಲ್ಲಿನ ಅಂಚಿಗೆ ಒಮ್ಮೆ ತಟ್ಟಿ ಮೈಗಂಟಿದ ಕೆಂಡದ ಚೂರುಗಳನ್ನು ಉದುರಿಸಿ, ಬಲಗೈಯ ಸರಳನ್ನು ಕೆಳಗಿಟ್ಟು, ಎಡಗೈಯದನ್ನು ಅದರ ಮೇಲೆ ಒತ್ತಿ ಹಿಡಿದು, ಬಲಗೈಯ ಇಕ್ಕಳವನ್ನು ಬಿಟ್ಟು ಸುತ್ತಿಗೆ ಎತ್ತಿಕೊಳ್ಳಬೇಕು. ಕೆಳಗಿನ ಸರಳಿನ ಕಾದ ತುದಿ ಕೊನೆಯ ಕ್ಷಣದವರೆಗೂ ಅಡಿಗಲ್ಲಿಗೆ ತಾಗದಂತೆ ಒಂದು ಕೂದಲೆಳೆ ಎತ್ತರದಲ್ಲಿ ಇರಿಸಿಕೊಳ್ಳುವುದು ಬಲ್ಲವರ ರೀತಿ. ಈ ಇಡೀ ಚಲನೆಯನ್ನು ಬೆಂಕಿಯಿಲ್ಲದೆ, ತಣ್ಣನೆಯ ಸರಳುಗಳಿಂದ, ಕಣ್ಣು ಸುತ್ತಿಗೆಯನ್ನು ಹುಡುಕದಷ್ಟು ರೂಢಿಯಾಗುವವರೆಗೆ ಮಾಡಬೇಕು. ಸುತ್ತಿಗೆಯ ಹಿಡಿ ಯಾವ ಕಡೆಗೆ ತಿರುಗಿರಬೇಕು, ಬಿಟ್ಟ ಇಕ್ಕಳ ಎಲ್ಲಿ ಬೀಳುತ್ತದೆ, ಕಾಲು ಎಲ್ಲಿರಬೇಕು ಎಂಬ ಸಣ್ಣ ಸಂಗತಿಗಳೆಲ್ಲ ಇಲ್ಲೇ ತೀರ್ಮಾನವಾಗಬೇಕು. ನೋಡುವವರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು, ಕಾಣಲಿ. ಇಬ್ಬರಿದ್ದರೆ ಕೆಲಸ ಬಹಳ ಹಗುರವಾಗುತ್ತದೆ. ಆದರೆ ಯಾರು ಯಾವಾಗ ಹೊಡೆಯುವುದೆಂಬ ಸನ್ನೆ ಮೊದಲೇ ನಿಶ್ಚಯವಾಗಿರದಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕಾವನ್ನು ಕಳೆಯುತ್ತಾರೆ.

ಸರಪಳಿಯ ಕೊಂಡಿಗಳನ್ನು ಬೆಸೆಯುವುದು ಇದಕ್ಕಿಂತ ಸುಲಭ, ಅಭ್ಯಾಸಕ್ಕೆ ಬಹಳ ಒಳ್ಳೆಯದು. ಕೊಂಡಿ ತಾನಾಗಿಯೇ ತನ್ನ ಎರಡು ತುದಿಗಳನ್ನು ಹಿಡಿದುಕೊಂಡಿರುತ್ತದೆ, ಮತ್ತು ಪ್ರತಿಯೊಂದು ಕೊಂಡಿಯೂ ಹಿಂದಿನದರ ಪುನರಾವರ್ತನೆಯಾದ್ದರಿಂದ ಕೈಗೆ ಒಂದು ಲಯ ಸಿಗುತ್ತದೆ. ಎಳೆದು ಪರೀಕ್ಷಿಸಲೂ ಬಹುದು. ಅಭ್ಯಾಸದ ಸರಪಳಿಯನ್ನು ಭಾರ ಎತ್ತಲು ಮಾತ್ರ ಬಳಸಲೇಬಾರದು.

ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ನಿಲ್ಲಬಾರದು. ಮೊದಲ ಹೊಡೆತಕ್ಕೆ ಕರಗಿದ ಬಿಳಿಗಾರ ಸುತ್ತಲೂ ಸಿಡಿಯುತ್ತದೆ, ಎದುರಿಗೆ ನಿಂತವರಿಗೂ ತಾಗುತ್ತದೆ. ಹತ್ತಿಯ ಬಟ್ಟೆ, ಚರ್ಮದ ಮುಂಗವಚ, ಮುಚ್ಚಿದ ಬೂಟುಗಳು ಬೇಕು. ಕರಗಿ ಮೈಗಂಟುವ ಸಿಂಥೆಟಿಕ್ ಬಟ್ಟೆ ಬೇಡ. ಸತುವಿನ ಲೇಪವಿರುವ ಕಬ್ಬಿಣವನ್ನು ಕುಲುಮೆಗೆ ಇಡಲೇಬಾರದು, ಅದರ ಹೊಗೆ ಜ್ವರ ತರಿಸುತ್ತದೆ. ಬಿಳಿಯ ಕಾವಿನ ಬೆಂಕಿಯನ್ನು ಬಹಳ ಹೊತ್ತು ದಿಟ್ಟಿಸುವವರು ಅತಿಗೆಂಪು ಕಿರಣಗಳನ್ನು ತಡೆಯುವ ಗಾಜನ್ನು ಬಳಸುವುದು ಒಳಿತು.

ಕೊನೆಗೆ ಉಕ್ಕಿನ ಸಂಗತಿ. ಕೊಡಲಿಯ ಮೆತ್ತನೆಯ ಒಡಲಿಗೆ ಗಟ್ಟಿ ಉಕ್ಕಿನ ಬಾಯಿಯನ್ನು ಬೆಸೆಯುವುದು ಎಷ್ಟೋ ಶತಮಾನಗಳ ಕಾಲ ಕಮ್ಮಾರರ ದಿನನಿತ್ಯದ ಕೆಲಸವಾಗಿತ್ತು, ಹೊಸಬರ ಆಸೆಯೂ ಬೇಗ ಅಲ್ಲಿಗೇ ಹಾರುತ್ತದೆ. ತೊಡಕು ಏನೆಂದರೆ ಇಂಗಾಲ ಹೆಚ್ಚಿದಂತೆ ಕರಗುವ ಕಾವು ಇಳಿಯುತ್ತದೆ. ನೂರಕ್ಕೆ ಒಂದು ಭಾಗ ಇಂಗಾಲವಿರುವ ಉಕ್ಕು ಮೈಲ್ಡ್ ಸ್ಟೀಲಿನ ಬೆಸುಗೆಯ ಕಾವಿನಲ್ಲಿ ಸುಟ್ಟು ಪುಡಿಯಾಗುವ ಹಂತಕ್ಕೆ ಬಂದಿರುತ್ತದೆ. ಆದುದರಿಂದ ಕಾವನ್ನು ಉಕ್ಕಿಗೆ ತಕ್ಕಂತೆ ತಗ್ಗಿಸಿ, ಒಡಲಿನ ಕಡೆಯನ್ನು ಬೆಂಕಿಯ ಹೆಚ್ಚು ಕಾವಿರುವ ಭಾಗಕ್ಕೆ ಒಡ್ಡಿ, ಉಕ್ಕಿನ ಕಡೆಯನ್ನು ಮರೆಯಲ್ಲಿಟ್ಟು ಕಾಯಿಸಬೇಕಾಗುತ್ತದೆ. ಈ ಬೆಸುಗೆಯಲ್ಲಿ ಬಿಳಿಗಾರವನ್ನು ಬಿಡುವ ಪ್ರಯೋಗವನ್ನು ನಾನು ಮಾಡುವುದಿಲ್ಲ. ಕ್ರೋಮಿಯಂ ಹೆಚ್ಚಿರುವ ಸ್ಟೇನ್‌ಲೆಸ್ ಬಗೆಯ ಉಕ್ಕನ್ನಂತೂ ಹೊಸಬರು ಮುಟ್ಟದಿರುವುದೇ ಸರಿ. ಅದರ ಆಕ್ಸೈಡನ್ನು ಬಿಳಿಗಾರ ಸುಲಭವಾಗಿ ಕರಗಿಸುವುದಿಲ್ಲ.

ಇದಕ್ಕೂ ಪರೀಕ್ಷೆ ಅದೇ: ಅಡ್ಡಲಾಗಿ ಕೊಯ್ಯುವುದು, ಉಜ್ಜುವುದು, ಆಮ್ಲದಲ್ಲಿ ಅದ್ದುವುದು. ಒಡಲು ಬೆಳ್ಳಗೆ, ಉಕ್ಕು ಕಪ್ಪಗೆ ಕಾಣುತ್ತದೆ. ಅವೆರಡರ ನಡುವಿನ ಗಡಿ ಮಾತ್ರ ನಾವು ನಿರೀಕ್ಷಿಸುವಷ್ಟು ಚೂಪಾಗಿರುವುದಿಲ್ಲ, ಏಕೆಂದರೆ ಬೆಸುಗೆಯ ಕಾವಿನಲ್ಲಿ ಇಂಗಾಲ ಉಕ್ಕಿನಿಂದ ಒಡಲಿಗೆ ಸರಿಯುತ್ತದೆ; ಹೊರಮೈಯಲ್ಲಿ ಬೆಂಕಿಯೂ ಅಷ್ಟಿಷ್ಟನ್ನು ಸುಟ್ಟುಹಾಕುತ್ತದೆ. ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಹಲವು ಸಲ ಕಾಯಿಸಿದರೆ ಬೆಸುಗೆ ಗಟ್ಟಿಯಾಗಿ ಕೂಡಿದ್ದರೂ ಬಾಯಿ ಹದ ಹಿಡಿಯುವುದಿಲ್ಲ. ಹಾಗಾಗಿ ಉಕ್ಕಿನ ತುಂಡನ್ನು ಬೇಕಾದುದಕ್ಕಿಂತ ದಪ್ಪವಾಗಿಯೇ ಇಟ್ಟುಕೊಂಡು, ಮೊದಲ ಕಾವಿನಲ್ಲೇ ಕೂಡಿಸುವಷ್ಟು ಬೆಂಕಿಯ ಹಿಡಿತ ಬರುವವರೆಗೆ ಮಡಿಕೆಯ ಬೆಸುಗೆಗಳನ್ನೇ ಮಾಡಿ ಮುರಿಯುತ್ತಿರುವುದು ಸದ್ಯಕ್ಕೆ ನಾನು ಹಾಕಿಕೊಂಡಿರುವ ಕ್ರಮ.